ಮಾಳಿಗೆ ಮನೆಯನ್ನು ಕೆಡವುವ ಮುನ್ನ

ಸುಗ್ಗಿ ಮುಗಿದು ತೊಗರಿ ಮಾರಿದ ಹಣ ಕೈಸೇರುವ ಹೊತ್ತಿಗೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಸೀಮೆಯ ನಮ್ಮ ಊರುಗಳಲ್ಲಿ ಒಂದಿಲ್ಲೊಂದು ಓಣಿಯಿಂದ ಧೂಳು ಏಳುತ್ತದೆ. ಯಾರೋ ಹಳೆಯ ಮಾಳಿಗೆ ಮನೆ ಕೆಡವುತ್ತಿದ್ದಾರೆ ಎಂದು ಅರ್ಥ. ಜೆಸಿಬಿ ಒಂದು ದಿನ ಆಡಿದರೆ ಸಾಕು, ಮೂರು ತಲೆಮಾರು ಬಾಳಿದ ಮನೆ ಕಲ್ಲು–ಮಣ್ಣಿನ ಗುಡ್ಡೆಯಾಗುತ್ತದೆ. ತೊಲೆ, ಕಂಬಗಳು ಹಳೆಯ ಕಟ್ಟಿಗೆ ಕೊಳ್ಳುವವನ ಗಾಡಿ ಏರುತ್ತವೆ. ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಪಾಲಕರೊಬ್ಬರು ಬಂದು, “ಗುರುಗಳ, ಮಾಳಿಗಿ ಕೆಡವಿ ಸ್ಲ್ಯಾಬ್ ಹಾಕಬೇಕಂತೀನಿ, ಹುಡುಗರು ಒಳಗ ಮಲಗಾಕ ಅಂಜತಾವ. ನಿಮ್ಮ ಮನಿ ಹ್ಯಾಂಗ ಉಳಿಸಿಕೊಂಡ್ರಿ ಹೇಳ್ರಿ” ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಅಂಜಿಕೆಗೆ ಕಾರಣವಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮುಂಚೆ, ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ತಡವಾಗಿ ಮಲಗಿದ ಜನ ಎದ್ದು ಹೊರಗೋಡಲು ಸಮಯವೇ ಸಿಗಲಿಲ್ಲ. ಕಂಪನದ ಪ್ರಮಾಣ 6.2. ಲಾತೂರು ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ತಮ್ಮ ತಮ್ಮ ಮನೆಯ ಗೋಡೆ–ಮಾಳಿಗೆಗಳ ಅಡಿಯಲ್ಲೇ ಸತ್ತರು. ಅಕ್ಕಲಕೋಟೆಯಿಂದ ನೇರ ಗೆರೆ ಎಳೆದರೆ ಕಿಲ್ಲಾರಿ ನೂರು ಕಿಲೋಮೀಟರಿಗಿಂತಲೂ ಹತ್ತಿರ. ನಾವು ಆಗ ಎಂಟನೆಯ ಇಯತ್ತೆಯ ವಿದ್ಯಾರ್ಥಿಗಳು. ತೊಲೆಗಳು ಕರಕರ ಎಂದದ್ದು, ಅಜ್ಜ ನಮ್ಮನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದದ್ದು, ಬೆಳಗಾದ ಮೇಲೆ ಪಡಸಾಲೆಯ ಮೂಲೆಯಲ್ಲಿ ಕೈಬೆರಳು ಹೋಗುವಷ್ಟು ಬಿರುಕು ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಹದಿನೈದು ದಿನ ಊರೆಲ್ಲ ಬಯಲಲ್ಲಿ ಮಲಗಿತ್ತು. ಅಲ್ಲಿಯವರೆಗೆ ಈ ಪ್ರದೇಶವನ್ನು ಭೂಕಂಪದ ಭಯ ತೀರ ಕಡಿಮೆಯಿರುವ ವಲಯವೆಂದು ನಕಾಶೆಯಲ್ಲಿ ತೋರಿಸಲಾಗಿತ್ತು. ಆಮೇಲೆ, 2002ರ ಪರಿಷ್ಕರಣೆಯಲ್ಲಿ, ಮೂರನೆಯ ವಲಯಕ್ಕೆ ಸೇರಿಸಿದರು.

ಅಂದಿನಿಂದ ನಮ್ಮ ಸೀಮೆಯಲ್ಲಿ ಕಲ್ಲು–ಮಣ್ಣಿನ ಮನೆ ಎಂದರೆ ಸಾವಿನ ಮನೆ ಎಂಬ ಮಾತು ಬೇರೂರಿತು. ಸರಕಾರವು ವಿಶ್ವಬ್ಯಾಂಕಿನ ನೆರವಿನಿಂದ ಕೈಗೊಂಡ ಪುನರ್ವಸತಿ ಕಾರ್ಯದಲ್ಲಿ ಪೂರ್ತಿ ಬಿದ್ದ ಊರುಗಳನ್ನು ಬೇರೆಡೆ ಕಟ್ಟಿದರು. ಬಿರುಕು ಬಿಟ್ಟ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸುವ ಭಾಗವೂ ಅದರಲ್ಲಿತ್ತು, ಸೊಲ್ಲಾಪುರ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿತ್ತು. ಆದರೆ ಹಲವರು ಹಳೆಯ ಮನೆಯನ್ನು ಬಲಪಡಿಸುವ ಬದಲು ಆ ಹಣದಲ್ಲಿ ಪಕ್ಕಕ್ಕೊಂದು ಸಿಮೆಂಟಿನ ಕೋಣೆ ಕಟ್ಟಿಕೊಂಡರು. ತಪ್ಪೆನ್ನಲಾರೆವು, ಹೆಣ ಹೊತ್ತವರಿಗೆ ನಾವು ಉಪದೇಶ ಮಾಡುವಂತಿಲ್ಲ. ಆದರೆ ಆ ಕೋಣೆಗಳಲ್ಲಿ ಏಪ್ರಿಲ್–ಮೇ ತಿಂಗಳ ರಾತ್ರಿ ಕಳೆದವರಿಗೆ ಇನ್ನೊಂದು ಸತ್ಯವೂ ಗೊತ್ತು. ಹೊರಗೆ 42–44 ಡಿಗ್ರಿ ಬಿಸಿಲು ಇಳಿದ ಮೇಲೂ ಸ್ಲ್ಯಾಬು ನಡುರಾತ್ರಿಯವರೆಗೆ ಒಲೆಯಂತೆ ಕಾವು ಬಿಡುತ್ತದೆ. ತಗಡಿನ ಮನೆಯ ಮಾತಂತೂ ಬೇಡ. ಕೂಲರಿಗೆ ನೀರು ಬೇಕು, ನೀರು ಟ್ಯಾಂಕರಿನಲ್ಲಿ ಬರುತ್ತದೆ. ವಿದ್ಯುತ್ತು ಯಾವಾಗ ಬರುತ್ತದೆಂಬುದು ದೇವರಿಗೇ ಗೊತ್ತು. ಒಂದು ಭಯದಿಂದ ಪಾರಾಗಲು ಹೋಗಿ ವರ್ಷಕ್ಕೆ ಮೂರು ತಿಂಗಳ ಬೇಗೆಯನ್ನು ಕೊಂಡುಕೊಂಡಂತಾಗಿದೆ.

ಮಾಳಿಗೆ ಮನೆ ತಂಪಾಗಿರುವುದರಲ್ಲಿ ಪವಾಡವೇನೂ ಇಲ್ಲ. ಎರಡು–ಎರಡೂವರೆ ಅಡಿ ದಪ್ಪದ ಗೋಡೆ ಹಾಗೂ ಮೇಲಿನ ಮಣ್ಣಿನ ಹಾಸು ಹಗಲಿನ ಕಾವನ್ನು ಹೀರಿ ಬಹಳ ನಿಧಾನವಾಗಿ ಒಳಗೆ ಬಿಡುತ್ತವೆ. ಮಧ್ಯಾಹ್ನದ ಬಿಸಿಲು ಒಳಮೈ ಮುಟ್ಟುವಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿ ತಂಪಾಗಿರುತ್ತದೆ. ಆಗ ಬೆಳಕಿಂಡಿ, ಬಾಗಿಲು ತೆರೆದರೆ ಆ ಕಾವೂ ಹೊರಟುಹೋಗುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬಿಗೆ ಅಷ್ಟು ತಾಳ್ಮೆಯಿಲ್ಲ. ಮಧ್ಯಾಹ್ನ ಹೀರಿದ್ದನ್ನು ಸಂಜೆಗೇ, ನಾವು ಊಟಕ್ಕೆ ಕೂಡುವ ಹೊತ್ತಿಗೆ, ನೆತ್ತಿಯ ಮೇಲೆ ಸುರಿಯುತ್ತದೆ.

ಪರಿಸರಸ್ನೇಹಿ ಮನೆ ಎಂದೊಡನೆ ಪತ್ರಿಕೆಗಳಲ್ಲಿ ಹೊಸ ಮನೆಗಳ ಚಿತ್ರ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈಗಾಗಲೇ ನಿಂತಿರುವ ಮನೆಯೇ ಎಲ್ಲಕ್ಕಿಂತ ಪರಿಸರಸ್ನೇಹಿ. ಅದರ ಕಲ್ಲು ಒಡೆದಾಗಿದೆ, ಮರ ಕಡಿದಾಗಿದೆ, ಹೇರಿ ತಂದಾಗಿದೆ. ಸಿಮೆಂಟಿಗಾದರೋ ಸುಣ್ಣದ ಕಲ್ಲನ್ನು 1,450 ಡಿಗ್ರಿಯವರೆಗೆ ಕಾಯಿಸಬೇಕು. ಉರುವಲಿನ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ವಿಸರ್ಜನೆಯಲ್ಲಿ ಸಿಮೆಂಟಿನ ಪಾಲು ಸುಮಾರು 7–8 ಪ್ರತಿಶತ. ಹೀಗಿರುವಾಗ ಗಟ್ಟಿ ಮನೆಯನ್ನು ಕೆಡವಿ ಅದರ ಕಲ್ಲನ್ನು ಹಳ್ಳಕ್ಕೆ ಚೆಲ್ಲಿ ಮೇಲೆ ಸಿಮೆಂಟು ತರುವುದು ಎರಡು ಬಾರಿ ದಂಡ ತೆತ್ತಂತೆ. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ತಂಪಿಗಾಗಿ, ಪರಿಸರಕ್ಕಾಗಿ ಎಂದು ಅಪಾಯದ ಮನೆಯಲ್ಲಿ ಮಕ್ಕಳನ್ನು ಮಲಗಿಸಬಾರದು. ಮೊದಲು ಮನೆ ಭದ್ರವಾಗಲಿ, ಉಳಿದದ್ದು ಆಮೇಲೆ.

ಭದ್ರತೆಯ ಮಾತಿಗೆ ಬಂದರೆ, ಕಿಲ್ಲಾರಿಯಲ್ಲಿ ಕೊಂದದ್ದು ಮಣ್ಣಲ್ಲ. ಮಣ್ಣಿನ ಅತಿಭಾರ ಮತ್ತು ಕಟ್ಟಿಲ್ಲದ ಗೋಡೆ ಕೊಂದವು. ಇವೆರಡನ್ನೂ ಬಿಡಿಸಿ ನೋಡಬೇಕು.

ನಮ್ಮ ಮಾಳಿಗೆಯ ರಚನೆ ಎಲ್ಲರಿಗೂ ಗೊತ್ತಿದ್ದದ್ದೇ: ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ತಪ್ಪಲು, ಕೊನೆಗೆ ಮಣ್ಣು. ಕಟ್ಟುವಾಗ ಮಣ್ಣು ಒಂದು ಹದದಲ್ಲೇ ಇರುತ್ತದೆ. ಆದರೆ ಪ್ರತಿವರ್ಷ ಎಲ್ಲೋ ಸೋರಿತೆಂದು ಎರಡು ಬುಟ್ಟಿ ಬಿಳಿಮಣ್ಣು ಸುರಿಯುತ್ತೇವೆ. ಹಳೆಯದನ್ನು ತೆಗೆಯುವವರಿಲ್ಲ. ಐವತ್ತು ವರ್ಷದಲ್ಲಿ ಹಾಸು ಒಂದೂವರೆ–ಎರಡು ಅಡಿ ಏರಿರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರ್ ಒಣಮಣ್ಣು ಸುಮಾರು 1,600 ಕಿಲೋ ತೂಗುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ನಮ್ಮ ತಲೆಯ ಮೇಲೆ ಸುಮಾರು 8 ಟನ್ ಭಾರ ಕುಳಿತಿದೆ. ಮಳೆಗಾಲದಲ್ಲಿ ನೆನೆದರೆ ಇನ್ನೂ ಹೆಚ್ಚು. ಅದನ್ನೇ ಎಂಟು ಇಂಚಿಗೆ ಇಳಿಸಿದರೆ ಭಾರ ಮೂರೂವರೆ ಟನ್ನಿಗೆ ಇಳಿಯುತ್ತದೆ. ಅದೇ ಕೋಣೆಗೆ ಐದು ಇಂಚಿನ ಸ್ಲ್ಯಾಬ್ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ತೂಕ! ನಾವು ಶಾಲೆಯಲ್ಲಿ ಘನಫಲದ ಪಾಠಕ್ಕೆ ಈ ಲೆಕ್ಕವನ್ನೇ ಕೊಡುತ್ತೇವೆ. ಮಕ್ಕಳು ಮನೆಗೆ ಹೋಗಿ ಮಾಳಿಗೆ ಅಳೆದು ಬರುತ್ತಾರೆ, ಮರುದಿನ ಪಾಲಕರು ಬರುತ್ತಾರೆ.

ಆದ್ದರಿಂದ ಮೊದಲ ಕೆಲಸ ಭಾರ ಇಳಿಸುವುದು. ಮಣ್ಣನ್ನು ಪೂರ್ತಿ ತೆಗೆದು ಜಂತಿ–ಹಲಗೆಗಳನ್ನು ಒಂದೊಂದಾಗಿ ಬಡಿಗರಿಂದ ನೋಡಿಸಬೇಕು. ಗೋಡೆಯೊಳಗೆ ಹೂತ ಜಂತಿಯ ತುದಿಗಳಲ್ಲೇ ಗೆದ್ದಲು ಅಡಗಿರುತ್ತದೆ, ನಡುವೆ ಗಟ್ಟಿಯಾಗಿ ಕಂಡರೂ ನಂಬಬಾರದು. ಕೆಟ್ಟವನ್ನು ಬದಲಿಸಿ, ಮೇಲೆ ತೆಳುವಾಗಿ ಮಣ್ಣು ಹಾಸಿ, ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಹರಡಿ, ಆಮೇಲೆ ಉಳಿದ ಮಣ್ಣನ್ನು ನೀರಿಳಿಯುವ ಕಡೆಗೆ ಇಳಿಜಾರು ಕೊಟ್ಟು ಬಡಿದು ಕೂಡಿಸಬೇಕು. ಎಲ್ಲ ಸೇರಿ ಎಂಟು ಇಂಚು ಮೀರಬಾರದು. ಸೋರುವಿಕೆಯನ್ನು ಹಾಳೆ ತಡೆಯುವುದರಿಂದ ಪ್ರತಿವರ್ಷ ಮಣ್ಣು ಹೇರುವ ಪ್ರಸಂಗವೇ ಬರುವುದಿಲ್ಲ. ಪ್ಲಾಸ್ಟಿಕ್ಕು ಪರಿಸರಸ್ನೇಹಿಯೇ ಎಂದು ಯಾರಾದರೂ ಕೇಳಬಹುದು. ಒಂದು ಹಾಳೆಯಿಂದ ಒಂದು ಮನೆ ಉಳಿಯುವುದಾದರೆ ನಾವು ಆ ಲೆಕ್ಕಕ್ಕೆ ಒಪ್ಪುತ್ತೇವೆ.

ಮಣ್ಣಿನ ಆಯ್ಕೆಯಲ್ಲಿ ಹಿರಿಯರ ಮಾತು ಮೀರಬಾರದು. ಹೊಲದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಮಾಳಿಗೆಗೆ ಅದು ಸಲ್ಲದು. ಅದಕ್ಕೇ ಅವರು ಹಾಳೂರಿನ ದಿಬ್ಬದಿಂದ ಬಿಳಿಮಣ್ಣು ತರುತ್ತಿದ್ದರು. ಮರಾಠಿಯಲ್ಲಿ ಇದೇ ‘ಪಾಂಢರಿ ಮಾತಿ’. ನಿಮ್ಮ ಮಾಳಿಗೆಯ ಮೇಲೆ ಈಗಾಗಲೇ ಬೇಕಾದದ್ದಕ್ಕಿಂತ ಹೆಚ್ಚು ಬಿಳಿಮಣ್ಣಿದೆ. ಜರಡಿ ಹಿಡಿದು ಅದನ್ನೇ ಬಳಸಬಹುದು, ದಿಬ್ಬ ಅಗೆಯಬೇಕಿಲ್ಲ.

ಎರಡನೆಯದು ಗೋಡೆ. ನಮ್ಮ ಗೋಡೆ ಹೊರಗಿನಿಂದ ಒಂದೇ ಗೋಡೆಯಂತೆ ಕಂಡರೂ ನಿಜವಾಗಿ ಅವು ಎರಡು. ಒಳಮೈಗೊಂದು ಸಾಲು ಕಲ್ಲು, ಹೊರಮೈಗೊಂದು ಸಾಲು, ನಡುವೆ ಚೂರುಗಲ್ಲು–ಮಣ್ಣಿನ ತುಂಬು. ಭೂಮಿ ಅಲುಗಿದಾಗ ಈ ಎರಡು ಮೈಗಳು ಬೇರೆಬೇರೆಯಾಗಿ ಆಡುತ್ತವೆ. ಹೊರಮೈ ಓಣಿಗೆ, ಒಳಮೈ ಮಲಗಿದವರ ಮೇಲೆ ಬೀಳುತ್ತದೆ. ಈ ಮೈಯಿಂದ ಆ ಮೈವರೆಗೆ ಹಾಯುವ ಉದ್ದನೆಯ ಕಲ್ಲುಗಳಿದ್ದರೆ ಎರಡೂ ಸಾಲು ಒಂದಾಗಿ ನಿಲ್ಲುತ್ತವೆ. ಎಂಜಿನಿಯರರು ಇದಕ್ಕೆ ‘ಥ್ರೂ ಸ್ಟೋನ್’ ಎನ್ನುತ್ತಾರೆ. 1993ರಲ್ಲೇ ಪ್ರಕಟವಾದ ಭಾರತೀಯ ಮಾನಕ 13828ರ ಪ್ರಕಾರ ಇಂತಹ ಕಲ್ಲುಗಳು ಅಡ್ಡಕ್ಕೆ 1.2 ಮೀಟರಿಗೊಂದು, ಎತ್ತರಕ್ಕೆ 0.6 ಮೀಟರಿಗೊಂದು ಇರಬೇಕು. ಹಳೆಯ ಕಾಲದ ಒಳ್ಳೆಯ ವಾಡೆಗಳಲ್ಲಿ ಇವು ಕಾಣುತ್ತವೆ. ಅಗ್ಗದಲ್ಲಿ, ಅವಸರದಲ್ಲಿ ಎದ್ದ ಮನೆಗಳಲ್ಲಿ ಇಲ್ಲ.

ಇಲ್ಲದಿದ್ದರೆ ಈಗಲೂ ಸೇರಿಸಬಹುದು ಎಂಬುದು ಬಹಳ ಜನಕ್ಕೆ ತಿಳಿಯದ ಸಂಗತಿ. ಗೋಡೆಯಲ್ಲಿ ಒಂದೊಂದೇ ಕಲ್ಲನ್ನು ಸಬ್ಬಲಿನಿಂದ ಮೆಲ್ಲನೆ ಸಡಿಲಿಸಿ, ಆರಪಾರ ರಂಧ್ರ ಮಾಡಿ, ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳನ್ನಿಟ್ಟು, ಕಾಂಕ್ರೀಟು ತುಂಬಿದರೆ ಅದೇ ಉದ್ದಗಲ್ಲಿನ ಕೆಲಸ ಮಾಡುತ್ತದೆ. ಗೌಂಡಿಗೆ ಮೂರು ಮಾತು ಕಟ್ಟುನಿಟ್ಟಾಗಿ ಹೇಳಬೇಕು: ಯಂತ್ರದಿಂದ ಕುಟ್ಟಬಾರದು, ಸುತ್ತಿಗೆಯಿಂದ ಜೋರಾಗಿ ಹೊಡೆಯಬಾರದು, ಪಕ್ಕಪಕ್ಕದ ರಂಧ್ರಗಳನ್ನು ಒಂದೇ ದಿನ ತೆರೆಯಬಾರದು. ಅನಂತರ ಬಾಗಿಲು–ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಹಾಗೂ ಮಾಳಿಗೆಯ ಅಡಿಯಲ್ಲಿ ಮನೆಯ ಸುತ್ತಲೂ ಕಬ್ಬಿಣದ ಜಾಲರಿಯ ಪಟ್ಟಿ ಕಟ್ಟಿ, ಅದಕ್ಕೆ ಮಾತ್ರ ಸಿಮೆಂಟಿನ ಗಿಲಾವು ಕೊಡಬೇಕು. ಗೋಡೆಗಳು ಮೂಲೆಯಲ್ಲಿ ಬಿಡಿಸಿಕೊಳ್ಳದಂತೆ ಇದು ನಡುಪಟ್ಟಿಯ ಹಾಗೆ ಹಿಡಿದಿಡುತ್ತದೆ. ಕಂಬ–ತೊಲೆ ಕೂಡುವಲ್ಲಿ ಕಬ್ಬಿಣದ ಪಟ್ಟಿ ಹಾಗೂ ಓರೆಯಾಗಿ ಒಂದೊಂದು ಕಟ್ಟಿಗೆ ಬಡಿದರೆ ಅಂಕಣ ಓಲಾಡದು. ಕಿಲ್ಲಾರಿಯ ಕಡೆ ಗೋಡೆ ಬಿದ್ದರೂ ಕಂಬಗಳ ಮೇಲೆ ಮಾಳಿಗೆ ನಿಂತ ಮನೆಗಳಿದ್ದವು. ಭಾರವನ್ನು ಗೋಡೆಗೆ ಬಿಡದೆ ಕಂಬಕ್ಕೆ ಕೊಟ್ಟ ಹಿರಿಯರ ಜಾಣ್ಮೆ ಅಲ್ಲಿ ಜೀವ ಉಳಿಸಿತ್ತು.

ಎಲ್ಲ ಗೋಡೆಗಳೂ ಉಳಿಯುವಂಥವಲ್ಲ. ಹೊಟ್ಟೆ ಬಿಟ್ಟ ಗೋಡೆಗೆ, ಅಂದರೆ ನಡುವೆ ಉಬ್ಬಿ ಎರಡು ಮೈ ಆಗಲೇ ಬೇರ್ಪಟ್ಟ ಗೋಡೆಗೆ, ಮದ್ದಿಲ್ಲ. ಮಾಳಿಗೆಗೆ ಆನಿಕೆ ಕೊಟ್ಟು ಅಷ್ಟು ಭಾಗವನ್ನು ಬಿಚ್ಚಿ ಅದೇ ಕಲ್ಲಿನಿಂದ ಮತ್ತೆ ಕಟ್ಟಬೇಕು. ಇದನ್ನು ನಿರ್ಧರಿಸಲು ಒಬ್ಬ ತಿಳಿದ ಎಂಜಿನಿಯರ್ ಬಂದು ನೋಡಲೇಬೇಕು. ಈ ಲೇಖನ ಓದಿ ಸಬ್ಬಲು ಹಿಡಿಯಬೇಡಿರಿ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮನೆ ಗಟ್ಟಿಯಾಗಲೆಂದು ನಾವು ಹೊರಗೋಡೆಗೆ ಅಡಿಯಿಂದ ಮುಡಿಯವರೆಗೆ ಸಿಮೆಂಟಿನ ಗಿಲಾವು ಮಾಡಿಸಿದೆವು. ಊರಲ್ಲಿ ಎಲ್ಲರೂ ಹೊಗಳಿದರು. ಮೂರನೆಯ ಮಳೆಗಾಲಕ್ಕೆ ಗಿಲಾವು ಹಪ್ಪಳದಂತೆ ಎದ್ದು ಬಂತು, ಹಿಂದೆ ಗೋಡೆ ಹಸಿಯಾಗಿತ್ತು. ಮಣ್ಣಿನ ಗೋಡೆಗೆ ನೆಲದ ತೇವ ಏರುತ್ತಲೇ ಇರುತ್ತದೆ, ಮಣ್ಣು–ಸುಣ್ಣದ ಮೈಯಿದ್ದರೆ ಅದು ಆರಿಹೋಗುತ್ತದೆ. ಸಿಮೆಂಟು ಬಾಯಿ ಮುಚ್ಚಿದಂತೆ. ಒಳಗೇ ಕುಳಿತ ನೀರು ಕಲ್ಲಿನ ನಡುವಿನ ಮಣ್ಣನ್ನು ತೊಳೆಯುತ್ತದೆ. ಕೊನೆಗೆ ಎಲ್ಲವನ್ನೂ ಕೆತ್ತಿಸಿ, ಭದ್ರತೆಯ ಪಟ್ಟಿಗಳನ್ನು ಮಾತ್ರ ಉಳಿಸಿ, ಸುಣ್ಣ–ಮರಳಿನ ಗಿಲಾವು ಕೊಡಿಸಿದೆವು. ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನು ಹುಡುಕುವುದೇ ಒಂದು ತಿಂಗಳ ಕೆಲಸವಾಯಿತು. ಸಿಕ್ಕವರಿಗೆ ಅರವತ್ತೈದು ದಾಟಿತ್ತು.

ಗೋಡೆ–ಮಾಳಿಗೆ ಭದ್ರವಾದ ಮೇಲೆ ಉಳಿದವು ಸುಲಭ. ನೆಲಕ್ಕೆ ಹೊಳೆಯುವ ಟೈಲ್ಸಿಗಿಂತ ಶಹಾಬಾದ ಫರಸಿ ಲೇಸು. ಗಡಿಯಾಚೆ ಕಲಬುರಗಿ ಜಿಲ್ಲೆಯಿಂದ ಬರುವ ಕಲ್ಲು, ಭಟ್ಟಿ ಕಂಡದ್ದಲ್ಲ, ಬೇಸಿಗೆಯಲ್ಲಿ ಬರಿಮೈಯಲ್ಲಿ ಮಲಗಲು ಇದಕ್ಕಿಂತ ಹಿತವಿಲ್ಲ. ಮುಚ್ಚಿದ ಬೆಳಕಿಂಡಿಗಳನ್ನು ತೆರೆಸಿ ಗಾಜು–ಜಾಲರಿಯ ಮುಚ್ಚಳ ಕೊಡಿಸಿರಿ, ಹಗಲು ದೀಪ ಹಚ್ಚುವುದು ತಪ್ಪುತ್ತದೆ. ಪಶ್ಚಿಮಕ್ಕೊಂದು ಬೇವು ಇರಲಿ, ಗೋಡೆಗೆ ತೀರ ಹತ್ತಿರ ಬೇಡ.

ಈಗಾಗಲೇ ಸ್ಲ್ಯಾಬ್ ಹಾಕಿಸಿಕೊಂಡವರೂ ನಿರಾಶರಾಗಬೇಕಿಲ್ಲ. ಯುಗಾದಿಗೆ ಮುಂಚೆ ಛಾವಣಿಗೆ ಎರಡು ಸಲ ಬಿಳಿ ಸುಣ್ಣ ಬಳಿಯಿರಿ. ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಹೋಗುತ್ತದೆ, ರಾತ್ರಿ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಸ್ಲ್ಯಾಬಿಗಿರುವ ಒಂದು ದೊಡ್ಡ ಗುಣ ಮಳೆನೀರು. ನಮ್ಮ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆಯೆಂದೇ ಇಟ್ಟುಕೊಂಡರೂ 100 ಚದರ ಮೀಟರ್ ಛಾವಣಿಯ ಮೇಲೆ 50,000 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಹೋಯಿತೆಂದರೂ 40,000 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್. ನೀರಿಗಾಗಿ ಜತ್ತದ ಹಳ್ಳಿಗಳು ಗಡಿಯಾಚೆ ಮುಖಮಾಡಿದ ಸುದ್ದಿಯನ್ನು 2022ರಲ್ಲಿ ಎಲ್ಲರೂ ಓದಿದ್ದೇವೆ. ಆ ಹಳ್ಳಿಗಳ ಛಾವಣಿಯ ನೀರು ಮಾತ್ರ ಓಣಿಯ ಗಟಾರಕ್ಕೆ ಹರಿಯುತ್ತಿದೆ. ಮಾಳಿಗೆಯ ನೀರು ಕೆಸರಾಗಿರುವುದರಿಂದ ಕುಡಿಯಲು ಬಾರದು. ಅದನ್ನು ಗೋಡೆಯಿಂದ ದೂರದ ಇಂಗುಗುಂಡಿಗೆ ಬಿಡುವುದು ಸರಿ. ಗೋಡೆಯ ಬುಡದಲ್ಲಿ ನೀರು ನಿಂತರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಹೊಸದಾಗಿ ಕಟ್ಟುವವರು ಮಣ್ಣಿನ ಒತ್ತಿಟ್ಟಿಗೆಯ ವಿಷಯ ಕೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇದರಲ್ಲಿ ದೊಡ್ಡ ಕೆಲಸ ಮಾಡಿದೆ. ಆದರೆ ಅದಕ್ಕೆ ಮರಳು ಬೆರೆತ ಕೆಂಪುಮಣ್ಣು ಒಗ್ಗುತ್ತದೆ. ನಮ್ಮ ಎರೆಯಲ್ಲಿ ಅದನ್ನು ನೇರವಾಗಿ ನಕಲು ಮಾಡಿದರೆ ಇಟ್ಟಿಗೆ ಬಿರಿಯುತ್ತದೆ. ಕಲ್ಲು ಕಾಲಡಿಯಲ್ಲಿರುವ ಸೀಮೆಗೆ ಕಲ್ಲೇ ಸರಿ.

ಒಂದು ಅಡಚಣೆಯನ್ನು ಹೇಳದೆ ಮುಗಿಸಲಾರೆವು. ಮನೆ ಬಲಪಡಿಸುವ ಕುರಿತು ಮರಾಠಿ, ಇಂಗ್ಲಿಷಿನಲ್ಲಿ ಕೈಪಿಡಿಗಳಿವೆ. ನಮ್ಮ ಮಕ್ಕಳಿಗೆ ಬಾಲಭಾರತಿಯವರು ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತಾರೆ, ಆದರೆ ಅವರ ಮನೆಯ ದುರಸ್ತಿಯ ಅಂದಾಜುಪಟ್ಟಿ ಕನ್ನಡದಲ್ಲಿ ಸಿಗುವುದಿಲ್ಲ. ಸಂವಿಧಾನದ 350ನೆಯ ವಿಧಿಯಂತೆ ನಮ್ಮ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಹಕ್ಕು ಕಾಗದದ ಮೇಲಿದೆ, ಗೌಂಡಿಯ ಕೈಯಲ್ಲಿರಬೇಕಾದ ಕಾಗದ ಮಾತ್ರ ಇಲ್ಲ. ಅಂದಾಜುಪಟ್ಟಿಯಲ್ಲಿ ಏನು ಬರೆದಿದೆ ಎಂದು ತಿಳಿಯದ ಯಜಮಾನ ಗುತ್ತಿಗೆದಾರ ಹೇಳಿದ್ದಕ್ಕೆ ತಲೆಯಾಡಿಸುತ್ತಾನೆ, ಗುತ್ತಿಗೆದಾರ ಸ್ಲ್ಯಾಬನ್ನೇ ಹೇಳುತ್ತಾನೆ. ಕಾರಣ, ಅವನಿಗೆ ಗೊತ್ತಿರುವುದು ಅದೊಂದೇ. ಏಳನೆಯ ಇಯತ್ತೆಯ ಮಕ್ಕಳೊಂದಿಗೆ ಕೂತು ನಾವು ಮನೆಯ ಭಾಗಗಳ ಹೆಸರನ್ನು ಕನ್ನಡ–ಮರಾಠಿ ಎರಡರಲ್ಲೂ ಬರೆದು ನಾಲ್ಕು ಪುಟದ ಪಟ್ಟಿ ಮಾಡಿದ್ದೇವೆ. ಬೋದಿಗೆ ಎಂದರೇನೆಂದು ಸ್ಲ್ಯಾಬಿನ ಮನೆಯ ಮಕ್ಕಳಿಗೆ ಗೊತ್ತಿರಲಿಲ್ಲ, ಮಾಳಿಗೆ ಮನೆಯ ಹುಡುಗಿಯೊಬ್ಬಳು ಎದ್ದು ಬಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳು.

ಸಮಯದ ಮಾತೂ ಮುಖ್ಯ. ಮಾಳಿಗೆ ಬಿಚ್ಚುವುದು ಸಂಕ್ರಾಂತಿಯ ನಂತರ, ಮಣ್ಣು ಕೂಡಿಸಿ ಮುಗಿಸುವುದು ರೋಹಿಣಿ ಮಳೆಗೆ ಮುಂಚೆ. ಒಮ್ಮೆಗೆ ಎರಡು ಅಂಕಣಕ್ಕಿಂತ ಹೆಚ್ಚು ತೆರೆಯಬೇಡಿರಿ, ಅವಕಾಲಿಕ ಮಳೆ ಈಗ ಹೇಳಿ ಬರುವುದಿಲ್ಲ. ನಮ್ಮ ಮನೆಗೆ ಎರಡು ಬೇಸಿಗೆ ಹಿಡಿಯಿತು. ಖರ್ಚು, ಕೆಟ್ಟ ಗಿಲಾವಿನ ದಂಡವೂ ಸೇರಿ, ಹೊಸ ಸ್ಲ್ಯಾಬ್ ಮನೆಗೆ ಕೊಟ್ಟ ಅಂದಾಜಿನ ಅರ್ಧಕ್ಕಿಂತ ಕಡಿಮೆಯಾಯಿತು.

ಕೇಳಲು ಬಂದಿದ್ದ ಪಾಲಕರು ಮೊನ್ನೆ ಪಡಸಾಲೆಯ ಮಣ್ಣು ಇಳಿಸಿದ್ದಾರೆ. ಹದಿನೆಂಟು ಇಂಚು ಇತ್ತಂತೆ. ಮೂರು ಜಂತಿ ಕೆಟ್ಟಿದ್ದವು, ತೊಲೆ ಸಾಬೂತಾಗಿದೆ. ಹಿಂದಿನ ಗೋಡೆಯನ್ನು ನೋಡಲು ಬರುವ ರವಿವಾರ ಎಂಜಿನಿಯರರನ್ನು ಕರೆದುಕೊಂಡು ಹೋಗುವವರಿದ್ದೇವೆ.